ಗರಗಸ ಮೀನಿಗೆ ಕಡಲಿನಲ್ಲಿಯೇ ರಕ್ಷಣೆ ಬೇಕು

2021ರ ಮಾರ್ಚ್ ತಿಂಗಳಲ್ಲಿ ಉಡುಪಿ ಜಿಲ್ಲೆಯ ಮಲ್ಪೆ ಬಂದರಿಗೆ ಅಪರೂಪದ ಮೀನೊಂದು ಬಂದಿತು. ಸುಮಾರು ಹತ್ತು ಅಡಿ ಉದ್ದ, 250 ಕಿಲೋ ತೂಕವೆಂದು ವರದಿಯಾದ ಗರಗಸ ಮೀನು ಅದು. ಅದರ ದೃಶ್ಯಗಳು ಮೊಬೈಲುಗಳಲ್ಲಿ ಹರಿದಾಡಿದವು. ಮೀನು ವ್ಯಾಪಾರಿಯ ಕೈ ಸೇರಿತೆಂದೂ ವರದಿಯಾಯಿತು. ವಿಪರ್ಯಾಸವೆಂದರೆ, ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಅಂದರೆ ಹುಲಿಯಿರುವ ಪಟ್ಟಿಗೆ, ಗರಗಸ ಮೀನು 2001ರಲ್ಲಿಯೇ ಸೇರಿತ್ತು. ಇದನ್ನು ಕೊಂದವರಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸವುಂಟು.

ನೋಡಲು ಶಾರ್ಕಿನಂತಿದ್ದರೂ ಇದು ತೊರಕೆಯ ವಂಶಕ್ಕೆ ಸೇರಿದ್ದು. ಮುಂಚಾಚಿದ ಮೂತಿಯ ಎರಡೂ ಅಂಚುಗಳಲ್ಲಿ ಹಲ್ಲುಗಳ ಸಾಲು. ಮರಳು ಕೆದಕಿ ಆಹಾರ ಹುಡುಕಲು, ಮೀನಿನ ಗುಂಪಿನ ಮೇಲೆ ಬೀಸಲು ಪ್ರಕೃತಿ ಕೊಟ್ಟ ಈ ಆಯುಧವೇ ಇಂದು ಅದಕ್ಕೆ ಮೃತ್ಯುವಾಗಿದೆ. ತಳ ಗುಡಿಸುವ ಟ್ರಾಲ್ ಬಲೆಯಿರಲಿ, ನೀರಿನಲ್ಲಿ ಗೋಡೆಯಂತೆ ನಿಲ್ಲುವ ಬಲೆಯಿರಲಿ, ಮೂತಿ ತಾಗಿದರೆ ಸಾಕು. ಕೊಸರಿದಷ್ಟೂ ನೂಲು ಬಿಗಿಯುತ್ತದೆ. ಬೂತಾಯಿ, ಬಂಗುಡೆಗಳಂತೆ ಸಾವಿರಗಟ್ಟಲೆ ಮೊಟ್ಟೆಯಿಡುವ ಜೀವಿಯೂ ಇದಲ್ಲ. ಪ್ರೌಢವಾಗಲು ವರ್ಷಗಳೇ ಬೇಕು, ಹೆರುವುದು ಕೆಲವೇ ಮರಿಗಳನ್ನು. ಆ ಮರಿಗಳು ಬೆಳೆಯುವ ಆಳವಿಲ್ಲದ ಕರಾವಳಿ ನೀರು ಹಾಗೂ ಅಳಿವೆಗಳೇ ಮನುಷ್ಯನ ಕೈಗೆ ಅತಿ ಸುಲಭವಾಗಿ ಎಟಕುವ ಜಾಗಗಳು. ಜಗತ್ತಿನಲ್ಲಿರುವ ಐದೂ ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ.

ಹಾಗಾದರೆ ಮೀನುಗಾರನೇ ಅಪರಾಧಿಯೇ? ಗರಗಸ ಮೀನನ್ನು ಅರಸಿಕೊಂಡು ಇಂದು ಯಾರೂ ಕಡಲಿಗಿಳಿಯುವುದಿಲ್ಲ. ಅದು ತಾನಾಗಿಯೇ ಬಲೆಗೆ ಬೀಳುತ್ತದೆ. ಜೀವಂತ ಬಿಡಬೇಕಾದರೆ ಸಾವಿರಾರು ರೂಪಾಯಿಯ ಬಲೆಯನ್ನು ಕತ್ತರಿಸಬೇಕು, ಬೀಸುವ ಗರಗಸದೆದುರು ಮೈಯೊಡ್ಡಬೇಕು. ನಷ್ಟವನ್ನೆಲ್ಲ ದೋಣಿಯವರ ತಲೆಗೆ ಕಟ್ಟಿ, ಶಿಕ್ಷೆಯ ಭಯವನ್ನಷ್ಟೇ ತೋರಿಸಿದರೆ ಮೀನೇನೂ ಉಳಿಯದು. ಸತ್ತ ಮೀನು ಗುಟ್ಟಾಗಿ ಕಡಲು ಸೇರುತ್ತದೆ, ಎಷ್ಟು ಉಳಿದಿವೆಯೆಂಬ ಲೆಕ್ಕವೂ ಅದರೊಂದಿಗೆ ಮುಳುಗುತ್ತದೆ. ಅಂದ ಮಾತ್ರಕ್ಕೆ ಹರಾಜನ್ನು ಸಮರ್ಥಿಸಲಾಗದು.

ಬೇರೆ ದಾರಿಯಿಲ್ಲವೆನ್ನುವಂತಿಲ್ಲ. ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ ಒಂದು ಕಾಲಕ್ಕೆ ತಿಮಿಂಗಿಲ ಶಾರ್ಕುಗಳನ್ನು ಎಣ್ಣೆ, ಮಾಂಸಕ್ಕಾಗಿ ಕೊಲ್ಲಲಾಗುತ್ತಿತ್ತು. ಅದಕ್ಕೂ ಕಾನೂನಿನ ರಕ್ಷಣೆ ಬಂದದ್ದು 2001ರಲ್ಲಿಯೇ. ಆದರೆ ಅಲ್ಲಿ ಕಾನೂನಿನ ಹಿಂದೆಯೇ ಜನರ ಬಳಿಗೆ ಹೋಗುವ ಕೆಲಸವೂ ನಡೆಯಿತು. 2004ರಲ್ಲಿ ಆರಂಭವಾದ ಅಭಿಯಾನಕ್ಕೆ ರಾಮಕಥಾ ಪ್ರವಚನಕಾರ ಮೊರಾರಿ ಬಾಪು ದನಿಗೂಡಿಸಿದರು. ಹೆರಿಗೆಗೆ ತವರಿಗೆ ಬರುವ ಮಗಳಿಗೆ ಈ ಮೀನನ್ನು ಹೋಲಿಸಿದರು. ಬಲೆ ಕತ್ತರಿಸಿದವರಿಗೆ ಅರಣ್ಯ ಇಲಾಖೆ ಪರಿಹಾರ ನೀಡಿತು. ಕೊಲ್ಲುತ್ತಿದ್ದ ಮೀನುಗಾರರೇ ಮುಂದೆ ನೂರಾರು ಶಾರ್ಕುಗಳನ್ನು ಬಿಡಿಸಿ ಕಳುಹಿಸಿದರು. ಮಹಾರಾಷ್ಟ್ರವೂ 2018ರಲ್ಲಿ ಸಂರಕ್ಷಿತ ಕಡಲಜೀವಿಗಳನ್ನು ಬಿಡಿಸಲು ಬಲೆ ಕತ್ತರಿಸಿದವರಿಗೆ 25,000 ರೂಪಾಯಿವರೆಗೆ ಪರಿಹಾರ ಘೋಷಿಸಿತು.

ಮಲ್ಪೆ, ಮಂಗಳೂರು, ಕಾರವಾರದ ಧಕ್ಕೆಗಳಲ್ಲಿ ನಿಲ್ಲುವ ಅಧಿಕಾರಿಗೆ ಸಿಗುವುದು ಸತ್ತ ಮೀನು ಮಾತ್ರ. ದಂಡೆಯಿಂದ ದೂರ, ನಡುರಾತ್ರಿ ಬಲೆ ಎಳೆಯುವ ತಂಡೇಲನಿಗೆ ಮೂತಿಯನ್ನು ಮುರಿಯದೆ ನೂಲನ್ನಷ್ಟೇ ಕತ್ತರಿಸುವ ಬಗೆ ಗೊತ್ತಿರಬೇಕು. ಕತ್ತರಿಸಿದ ಬಲೆಯ ಬೆಲೆ ಎಷ್ಟು ದಿನದಲ್ಲಿ ಕೈಸೇರುತ್ತದೆಂಬುದೂ ಅವನಿಗೆ ಖಚಿತವಿರಬೇಕು.