ಮಳೆಗಾಲದಲ್ಲಿ ಉಳಿದವರೇ ತಂಡ

ಹೊಸ್ತಿಲ ಹುಣ್ಣಿಮೆಯಿಂದ ದವನದ ಹುಣ್ಣಿಮೆಯವರೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ಕಲೆಯನ್ನೇ ಕಸುಬು ಮಾಡಿಕೊಂಡವರಿಗೆ ಕೈತುಂಬ ಕೆಲಸ. ಗೊಡಚಿ ವೀರಭದ್ರನ ಜಾತ್ರೆ, ಎಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆ, ಯುಗಾದಿಯ ಹೊತ್ತಿಗೆ ಶಿರಸಂಗಿ ಕಾಳಮ್ಮ, ನಡುನಡುವೆ ಹಳ್ಳಿಹಳ್ಳಿಯ ನಾಟಕ, ಅದರ ಬೆನ್ನಿಗೆ ಮದುವೆಗಳು. ಡ್ರಾಮಾ ಸೀನರಿ ಬಾಡಿಗೆಗೆ ಕೊಡುವವರು, ಜನಪದ ಹಾಡು ರೆಕಾರ್ಡ್ ಮಾಡುವ ಸ್ಟುಡಿಯೊದವರು, ಮದುವೆಯ ಫೋಟೊ-ವಿಡಿಯೊ ತೆಗೆಯುವವರು, ಮಂಟಪ ಅಲಂಕರಿಸುವವರು ಎಲ್ಲರಿಗೂ ಇದೇ ಸುಗ್ಗಿ. ಈ ದಿನಗಳಲ್ಲಿ ತಂಡ ಕಟ್ಟುವುದು ದೊಡ್ಡ ಮಾತಲ್ಲ; ಫೋನ್ ಮಾಡಿದರೆ ಜನ ಬರುತ್ತಾರೆ. ಜೂನ್ ಬಂದು ಬಿತ್ತನೆ ಶುರುವಾಯಿತೆಂದರೆ ಒಬ್ಬ ಹೊಲಕ್ಕೆ, ಇನ್ನೊಬ್ಬ ಧಾರವಾಡಕ್ಕೆ, ಮತ್ತೊಬ್ಬ ಬೆಂಗಳೂರಿಗೆ ಹೋಗಿಬಿಡುತ್ತಾನೆ. ಮುಂದಿನ ವರ್ಷ ಮಾಲಕ ಮತ್ತೆ ಮೊದಲಿನಿಂದ ಜನ ಹುಡುಕಬೇಕು, ಕಲಿಸಬೇಕು. ಆ ಕಷ್ಟವನ್ನು ಆತ ಜನರ ನಿಯತ್ತಿನ ಮೇಲೆ ಹಾಕುತ್ತಾನೆ. ನನಗೆ ಕಾಣುವಂತೆ ದೋಷ ನಿಯತ್ತಿನದಲ್ಲ, ಲೆಕ್ಕಾಚಾರದ್ದು. ಇಂಥ ಸಣ್ಣ ಉದ್ಯಮದ ತಂಡ ಸೀಸನ್ನಿನಲ್ಲಿ ಕೂಡುವುದಿಲ್ಲ. ಕೆಲಸವಿಲ್ಲದ ನಾಲ್ಕು ತಿಂಗಳಲ್ಲಿ ಯಾರನ್ನು ಉಳಿಸಿಕೊಂಡಿರಿ ಎಂಬುದರ ಮೇಲೆ ಕೂಡುತ್ತದೆ.

ಈ ಮಾತಿಗೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಕಲಾವೈಭವ ನಾಟ್ಯ ಸಂಘವೆಂಬ ನಾಟಕ ಕಂಪನಿಯನ್ನು ದಶಕಗಳ ಕಾಲ ನಡೆಸಿದರು. 2017ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ನಟರೆಂದು, ಹಾಡುಗಾರರೆಂದು, ಬಸವಣ್ಣನ ಪಾತ್ರಧಾರಿಯೆಂದು ನೆನೆಯುತ್ತೇವೆ. ಮಾಲಕರೆಂದು ನೆನೆಯುವುದು ಕಡಿಮೆ. ಆದರೆ ವೃತ್ತಿ ನಾಟಕ ಕಂಪನಿಯೆಂದರೆ ಮೊದಲಿಗೆ ಒಂದು ಉದ್ಯಮ. ನಟ-ನಟಿಯರು, ಹಾರ್ಮೋನಿಯಂ ಮಾಸ್ತರರು, ತಬಲಾದವರು, ಪರದೆ ಬರೆಯುವವರು, ಬಡಿಗೇರರು, ಗೇಟಿನಲ್ಲಿ ನಿಲ್ಲುವವರು, ಅಡುಗೆಯವರು, ಇವರೆಲ್ಲರ ಲೆಕ್ಕ ಇಡುವ ಮ್ಯಾನೇಜರ್. ಪಗಾರದ ಜತೆ ಊಟ-ವಸತಿಯೂ ಕಂಪನಿಯದೇ. ಮಳೆ ಹಿಡಿದು ಕಲೆಕ್ಷನ್ ಬಿದ್ದರೂ ಒಲೆ ಉರಿಯಲೇಬೇಕಿತ್ತು. ಆಟ ಕಡಿಮೆಯಾದ ದಿನಗಳಲ್ಲಿ ಹೊಸ ನಾಟಕದ ತಾಲೀಮು ನಡೆಯುತ್ತಿತ್ತು, ಬಾಲನಟ ದೊಡ್ಡವರ ಮಾತನ್ನು ಬಾಯಿಪಾಠ ಮಾಡುತ್ತಿದ್ದ. ಬಾಳಪ್ಪನವರೇ ಚಿಕ್ಕಂದಿನಲ್ಲಿ ಬಣ್ಣ ಹಚ್ಚಿ, ಸ್ತ್ರೀಪಾತ್ರ ಮಾಡಿ, ಆಮೇಲೆ ಪುರುಷ ಪಾತ್ರಕ್ಕೆ ಬಂದು, ಕೊನೆಗೆ ಮಾಲಕರಾದವರು. ಒಂದು ಕೆಲಸಕ್ಕೆಂದು ಸೇರಿದವನು ಇನ್ನೆರಡು ಕೆಲಸ ಕಲಿಯುವುದು ಇಂಥ ಒಟ್ಟುಬಾಳಿನಲ್ಲಿ ಮಾತ್ರ. ಸೀಸನ್ನಿನ ಗದ್ದಲದಲ್ಲಿ ಯಾರೂ ಯಾರಿಗೂ ಕಲಿಸುವುದಿಲ್ಲ, ಕಲಿಸಲು ಬಿಡುವಿರುವುದಿಲ್ಲ.

ಹಾಗಿದ್ದರೆ ಕಂಪನಿಗಳು ಯಾಕೆ ಮುಚ್ಚಿದವು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸಿನಿಮಾ ಬಂತು, ಟಿವಿ ಬಂತು ಎನ್ನುವುದು ಅರ್ಧ ಉತ್ತರ. ಹತ್ತಾರು ಜನರ ಪಗಾರ ಮತ್ತು ಊಟವನ್ನು ಹೊತ್ತ ಸಂಸ್ಥೆಗೆ ಒಂದು ಕ್ಯಾಂಪ್ ಕೈಕೊಟ್ಟರೆ ಸಾಲ, ಎರಡು ಕೈಕೊಟ್ಟರೆ ದಿವಾಳಿ ಎಂಬುದು ಇನ್ನರ್ಧ. ಪಗಾರ ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡ ಕಂಪನಿಗಳೂ ಇದ್ದವು. ಆ ಕಾಲವನ್ನು ಬರೀ ಚಿನ್ನದ ಕಾಲವೆಂದು ಹಾಡುವುದರಲ್ಲಿ ಅರ್ಥವಿಲ್ಲ. ಇದೇ ಸೀಮೆಯಲ್ಲಿ ತದ್ವಿರುದ್ಧ ಮಾದರಿಯೂ ಇತ್ತು. ಬೈಲಹೊಂಗಲದ ಕಥೆಯಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟಕ್ಕೆ ಬೇಕಾದದ್ದು ಬೆರಳೆಣಿಕೆಯ ಪಾತ್ರಧಾರಿಗಳು ಮತ್ತು ಒಂದು ಪುಟ್ಟ ಹಿಮ್ಮೇಳ. ಶ್ರೀಕೃಷ್ಣ ಪಾರಿಜಾತದ ಮೇಳವೂ ಹೆಚ್ಚುಕಡಿಮೆ ಹಾಗೆಯೇ. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದು ಹೆಸರಾದರು. ಮೇಳಕ್ಕೆ ಪಗಾರದ ಭಾರವಿಲ್ಲ. ಮಳೆಗಾಲದಲ್ಲಿ ಎಲ್ಲರೂ ಹೊಲದಲ್ಲಿರುತ್ತಾರೆ, ವೀಳ್ಯ ಬಂದಾಗ ಕೂಡುತ್ತಾರೆ. ಅದಕ್ಕೇ ಅನೇಕ ಕಂಪನಿಗಳು ಸತ್ತಮೇಲೂ ಮೇಳ ಬದುಕಿತು. ಆದರೆ ಹಾಗೆ ಬದುಕಿದ್ದು ಹವ್ಯಾಸವಾಗಿ. ಹಾಡುವವನ ಮಗ ಹಾಡನ್ನು ನಂಬಿ ಮನೆ ನಡೆಸಲಾರದ ಸ್ಥಿತಿಯನ್ನು ಉದ್ಯಮದ ಗೆಲುವೆಂದು ಕರೆಯಲಾಗದು. ಅಂದಮೇಲೆ ಇಂದಿನವರಿಗೆ ಬೇಕಾದದ್ದು ಕಂಪನಿಯ ಕಾಯಂತನ, ಮೇಳದ ಸಣ್ಣ ಗಾತ್ರ. ಹನ್ನೆರಡೂ ತಿಂಗಳು ಇರುವ ಮೂರ್ನಾಲ್ಕು ಜನ; ಉಳಿದವರು ಸೀಸನ್ನಿಗೆ.

ಆ ಮೂರ್ನಾಲ್ಕು ಜನ ಯಾರು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಒಳ್ಳೆಯ ಹಾಡುಗಾರ, ಚೆಂದ ಕ್ಯಾಮೆರಾ ಹಿಡಿಯುವವನು ಇದ್ದರೆ ಸಾಕು ಎಂದುಕೊಳ್ಳುತ್ತಾರೆ. ಅಂಥವರು ಸೀಸನ್ನಿನಲ್ಲಿ ದಿನಗೂಲಿಗೂ ಸಿಗುತ್ತಾರೆ. ಸಿಗದಿರುವವರು ಬೇರೆ: ತಾರೀಖು ತಪ್ಪದಂತೆ ಬುಕಿಂಗ್ ಹಿಡಿಯುವವರು, ಬಾಕಿ ವಸೂಲಿ ಮಾಡುವವರು, ಸಾಮಾನು ಎಣಿಸಿಡುವವರು, ಗಿರಾಕಿ ಸಿಟ್ಟಾದಾಗ ಮಾತಾಡುವವರು. ನಾಟಕ ಕಂಪನಿಯಲ್ಲಿ ಮ್ಯಾನೇಜರನಿಗಿದ್ದ ತೂಕ ಇದರಿಂದಲೇ ಬಂದದ್ದು. ಕಲೆ ಬಲ್ಲವರು ಒಬ್ಬರೋ ಇಬ್ಬರೋ, ವ್ಯವಹಾರ ಬಲ್ಲವರು ಒಬ್ಬರು, ಎರಡನ್ನೂ ಕಲಿಯುತ್ತಿರುವ ಹುಡುಗನೋ ಹುಡುಗಿಯೋ ಒಬ್ಬರು ಇದ್ದರೆ ಸಣ್ಣ ಉದ್ಯಮಕ್ಕೆ ಬುಡ ಸಿಕ್ಕಂತೆ. ಮಳೆಗಾಲದಲ್ಲಿ ಇವರು ಸುಮ್ಮನೆ ಕೂತಿರುವುದಿಲ್ಲ: ಹಳೆಯ ಬಾಕಿ ವಸೂಲಿ, ಪರದೆ-ಸಲಕರಣೆ ರಿಪೇರಿ, ಹೊಸ ಹಾಡಿನ ರೆಕಾರ್ಡಿಂಗ್, ಮುಂದಿನ ಜಾತ್ರೆಗಳ ಮಾತುಕತೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಉಳಿದಿರುವ ನಾಟಕ ಕಂಪನಿಗಳು ಈಗಲೂ ಅಕ್ಕಪಕ್ಕದಲ್ಲೇ ಟೆಂಟ್ ಹಾಕಿ ಪೈಪೋಟಿಗೆ ನಿಲ್ಲುತ್ತವೆ. ಯಾರ ಟೆಂಟ್ ತುಂಬುತ್ತದೆ ಎಂಬುದು ಜನವರಿಯಲ್ಲಿ ತೀರ್ಮಾನವಾಗುವ ವಿಷಯವೇ ಅಲ್ಲ. ತಾಲೀಮಿನ ತಿಂಗಳುಗಳಲ್ಲೇ ಆಗಿರುತ್ತದೆ.

ಆದಾಯವಿಲ್ಲದ ತಿಂಗಳಲ್ಲಿ ಪಗಾರ ಎಲ್ಲಿಂದ ತರಲಿ ಎಂಬುದು ಮಾಲಕರ ಆಕ್ಷೇಪ. ಪೂರ್ತಿ ಪಗಾರ ಕೊಡಿ ಎಂದು ನಾನು ಹೇಳುತ್ತಿಲ್ಲ. ಸೀಸನ್ನಿನಲ್ಲಿ ಬಂದ ನೂರು ರೂಪಾಯಿಯಲ್ಲಿ ಹದಿನೈದೋ ಇಪ್ಪತ್ತೋ ಬೇರೆ ಖಾತೆಗೆ ಹಾಕಿ, ಮಳೆಗಾಲದಲ್ಲಿ ಅರ್ಧ ಪಗಾರ ಮತ್ತು ವರ್ಷದ ಲಾಭದಲ್ಲಿ ಪಾಲು ಕೊಡಬಹುದು. ಆದರೆ ಪಾಲಿನ ಮಾತನ್ನು ಕಾಗದದಲ್ಲಿ ಬರೆಯಿರಿ. ಅವರನ್ನು ಪಾಲುದಾರರಾಗಿಯೇ ಸೇರಿಸಿಕೊಂಡರೆ, ಬೇರೆ ಕರಾರಿಲ್ಲದಿದ್ದಲ್ಲಿ ಲಾಭ-ನಷ್ಟ ಸಮಪಾಲು ಎನ್ನುತ್ತದೆ 1932ರ ಪಾಲುದಾರಿಕೆ ಕಾಯ್ದೆ. ಬಂಡವಾಳ ಹಾಕಿದವನಿಗೂ ಬರೀ ಕೈಜೋಡಿಸಿದವನಿಗೂ ಒಂದೇ ಪಾಲು ಎಂಬುದು ಜಗಳದ ದಿನ ತಿಳಿಯಬಾರದು. ಹಾಡಿನ ವ್ಯವಹಾರ ಇನ್ನೂ ಸೂಕ್ಷ್ಮ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದರ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲಕನದು. ಹೊರಗಿನವನು ಬರೆದುಕೊಟ್ಟ ಹಾಡಿನ ಹಕ್ಕು ಲಿಖಿತ ವರ್ಗಾವಣೆ ಆಗದ ಹೊರತು ಬರೆದವನದೇ. ಕೈಗೆ ನೋಟು ಕೊಟ್ಟು, ಒಂದು ಚಹಾ ಕುಡಿಸಿ ಹಾಡು ತೆಗೆದುಕೊಳ್ಳುವ ಪದ್ಧತಿ ಇಬ್ಬರಿಗೂ ಅಪಾಯ. ಗೆಳೆತನದಲ್ಲಿ ಕಾಗದ ಯಾಕೆ ಎನ್ನುವವರಿಗೆ, ಗೆಳೆತನ ಮುರಿದುಬಿದ್ದ ‘ಸಂಗ್ಯಾ ಬಾಳ್ಯಾ’ ಕಥೆಯನ್ನೇ ತಲೆಮಾರುಗಳಿಂದ ಆಡಿಕೊಂಡು ಬಂದ ಸೀಮೆ ನಮ್ಮದು ಎಂದಷ್ಟೇ ನೆನಪಿಸಬಹುದು.

ಕಲಿಸಿದರೆ ಕಲಿತು ಎದುರಿಗೇ ಅಂಗಡಿ ಹಾಕುತ್ತಾನೆ ಎಂಬ ಭಯ ಇನ್ನೊಂದು. ಹಾಕುತ್ತಾನೆ, ನಿಜ. ಕಂಪನಿಯಿಂದ ಕಂಪನಿ ಒಡೆದು ಬೆಳೆದದ್ದೇ ನಮ್ಮ ರಂಗಭೂಮಿಯ ಇತಿಹಾಸ. ಬಾಳಪ್ಪನವರೂ ಬೇರೆಯವರ ಕಂಪನಿಗಳಲ್ಲಿ ಕಲಿತೇ ಸ್ವಂತ ಕಂಪನಿ ಕಟ್ಟಿದ್ದು. ಕಲಿಸದೆ ಉಳಿಸಿಕೊಂಡವನು ಮಾತ್ರ ಬಿಟ್ಟುಹೋಗುವುದಿಲ್ಲ ಎಂಬ ಖಾತ್ರಿ ಎಲ್ಲಿದೆ? ಕಲಿಯದವನು ಇದ್ದೂ ಉಪಯೋಗವಿಲ್ಲ, ಕಲಿತವನು ಹೋದರೂ ಸೀಸನ್ನಿನಲ್ಲಿ ಕರೆದರೆ ಬರುತ್ತಾನೆ. ಇದಕ್ಕಿಂತ ಮನೆಯವರನ್ನೇ ಇಟ್ಟುಕೊಳ್ಳುವುದು ಸುರಕ್ಷಿತ ಎಂಬ ಮಾತೂ ಇದೆ. ಮನೆಯವರು ಇರಲಿ, ಆದರೆ ಅವರಿಗೂ ಪಗಾರ ಇರಲಿ. ಕೂಲಿಯಿಲ್ಲದೆ ಲೆಕ್ಕ ಬರೆಯುವ ಹೆಂಡತಿಯ, ಬ್ಯಾಗು ಹೊರುವ ತಮ್ಮನ ದುಡಿಮೆಯನ್ನು ಲಾಭವೆಂದು ಎಣಿಸಿದ ಉದ್ಯಮ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿದೆ.

ಮಳೆಗಾಲದ ಪಗಾರಕ್ಕೆ ನೆರವಾಗಲು ಸರಕಾರ ಮಾಡಬಹುದಾದ ಕೆಲಸವೂ ಒಂದಿದೆ, ಅದಕ್ಕೆ ಹೊಸ ಯೋಜನೆ ಬೇಕಿಲ್ಲ. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಸೈನ್ಯ ಬ್ರಿಟಿಷರನ್ನು ಸೋಲಿಸಿದ ನೆನಪಿಗೆ ಪ್ರತಿವರ್ಷ ಕಿತ್ತೂರು ಉತ್ಸವ ನಡೆಯುತ್ತದೆ. ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣ ಉತ್ಸವ. ತಾರೀಖು ಮೊದಲೇ ಗೊತ್ತಿರುವ ಉತ್ಸವಗಳು ಇವು. ಆದ್ದರಿಂದ ಸ್ಥಳೀಯ ಕಲಾತಂಡ, ಫೋಟೊ-ವಿಡಿಯೊ, ವೇದಿಕೆ ಅಲಂಕಾರದ ಆಯ್ಕೆಯನ್ನು ಜೂನ್ ತಿಂಗಳಲ್ಲೇ ಮುಗಿಸಿ, ಒಂದು ಪಾಲು ಮುಂಗಡವನ್ನು ಆಗಲೇ ಕೊಡಬೇಕೆಂದು ಜಿಲ್ಲಾಡಳಿತವನ್ನೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನೂ ಕೇಳಿಕೊಳ್ಳುತ್ತೇನೆ.