ತಂದೆಯ ಕಸಬು, ಮಗನ ದಾರಿ

ಪುಣೆಯ ಹೋಟೆಲುಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದವರನ್ನು ಮಗನ ವಿಚಾರವಾಗಿ ಕೇಳಿದರೆ, 'ನನ್ನ ಕಷ್ಟ ಅವನಿಗೆ ಬೇಡ' ಎಂಬುದೇ ಮೊದಲ ಮಾತು. ಮಾತು ಪ್ರಾಮಾಣಿಕವಾದುದೇ. ಆದರೆ ಮಗ ಹತ್ತನೆಯ ತರಗತಿಯಲ್ಲಿ ಎಡವಿದ ವರ್ಷ ಅವನನ್ನು ಬಸ್ಸು ಹತ್ತಿಸಿ ಕರೆತರುವುದು ಎಲ್ಲಿಗೆ? ತಾನು ಬಲ್ಲ ಗಲ್ಲೆಯ ಬಳಿಗೆ. ತಂದೆಗೆ ಪರಿಚಿತರಾದ ಧಣಿಗಳೆಲ್ಲ ಹೋಟೆಲಿನವರೇ. ಮಗನಿಗೆ ತಿಳಿದ ಪುಣೆಯ ವಿಳಾಸವೂ ಅದೊಂದೇ. ಕಸಬು ಮೃತ್ಯುಪತ್ರದಿಂದ ಬರುವುದಿಲ್ಲ, ಪರಿಚಯದಿಂದ ಬರುತ್ತದೆ. ಊರಿನಲ್ಲಿ ಬೀಡಿ ಕಟ್ಟುವ ತಾಯಿಯ ಪಕ್ಕದಲ್ಲಿ ಕುಳಿತ ಮಗಳ ಕಥೆಯೂ ಬೇರೆಯಲ್ಲ.

ಹೋಟೆಲಿನ ಕಸಬನ್ನು ನಾವು ಹೀನವೆನ್ನುತ್ತಿಲ್ಲ. ಫರ್ಗ್ಯುಸನ್ ಕಾಲೇಜು ರಸ್ತೆಯ 'ವೈಶಾಲಿ'ಯನ್ನು ಬೆಳೆಸಿ 2023ರಲ್ಲಿ ನಿಧನರಾದ ಜಗನ್ನಾಥ ಶೆಟ್ಟಿಯವರು ಎಳೆಯ ವಯಸ್ಸಿನಲ್ಲಿಯೇ ಆ ಕೆಲಸಕ್ಕೆ ನಿಂತವರು. ಆದರೆ ಒಬ್ಬ ಶೆಟ್ಟರ ಹೆಸರು ಹೇಳಿ, ತಟ್ಟೆ ತೊಳೆಯುತ್ತಲೇ ಕೈ ಸವೆಸಿದ ನೂರಾರು ಜನರನ್ನು ಮರೆಯುವುದು ನ್ಯಾಯವೆ?

ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಯಿತು. 2016ರ ತಿದ್ದುಪಡಿಯು ಈ ನಿಷೇಧವನ್ನು ಎಲ್ಲ ಕಸಬುಗಳಿಗೂ ವಿಸ್ತರಿಸಿತು. ಆದರೆ ಶಾಲೆಯ ವೇಳೆಯ ಹೊರಗೆ, ಅಪಾಯವಿಲ್ಲದ ಮನೆತನದ ಉದ್ಯಮದಲ್ಲಿ ಮಕ್ಕಳು ನೆರವಾಗಬಹುದೆಂದು ಬಾಗಿಲನ್ನು ಅರೆ ತೆರೆದಿಟ್ಟಿತು. ಸ್ವಂತ ಕ್ಯಾಂಟೀನು ನಡೆಸುವವರು ಆ ಅರೆಬಾಗಿಲನ್ನು ಎಚ್ಚರದಿಂದ ಬಳಸಬೇಕು.

ಗುಮಾಸ್ತ ಬಂಧುಗಳ ಸ್ಥಿತಿ ತುಸು ಬೇರೆ. ತಂದೆಯ ಕುರ್ಚಿ ಮಗನಿಗೆ ಬರುವ ಕಾಲ ಕಳೆಯಿತು. ಕೆಲವು ವರ್ಗದ ನೌಕರರು ಸ್ವಯಂನಿವೃತ್ತರಾದರೆ ಮಕ್ಕಳಿಗೆ ಕೆಲಸ ಕೊಡುತ್ತಿದ್ದ ರೈಲ್ವೆಯ ಯೋಜನೆಯೂ 2017ರಲ್ಲಿ ನಿಂತಿತು. ಆದರೂ ಅರ್ಜಿ ತುಂಬುವ ಬಗೆ, ಪರೀಕ್ಷೆಯ ತಾರೀಖು, ಬೇಕಾದ ದಾಖಲೆಗಳು, ಇವೆಲ್ಲ ಕಾರಕೂನರ ಮನೆಯಲ್ಲಿ ಊಟದ ಜೊತೆಗೇ ಮಕ್ಕಳ ಕಿವಿಗೆ ಬೀಳುತ್ತವೆ. ಮಾಣಿಯ ಮಗನಿಗೆ ಇವನ್ನು ಹೇಳುವವರಾರು? ಅಪ್ಪ ಊರಿಗೆ ಹೋಗುವುದೇ ವರ್ಷಕ್ಕೊಮ್ಮೆ.

ಜ್ಯೋತಿಬಾ ಫುಲೆ ದಂಪತಿಗಳು 1855ರಲ್ಲಿ ಇದೇ ಪುಣೆಯಲ್ಲಿ ದುಡಿಯುವವರಿಗಾಗಿ ರಾತ್ರಿ ಶಾಲೆಯನ್ನು ತೆರೆದಿದ್ದರು. ಅಷ್ಟು ದೊಡ್ಡ ಕಾರ್ಯವನ್ನು ನಾವು ಕೇಳುತ್ತಿಲ್ಲ. ತಿಂಗಳಿಗೊಮ್ಮೆ ಒಂದು ಗಂಟೆ ಸಾಕು. ಭಾನುವಾರ ಬೇಡ, ಅಂದು ಹೋಟೆಲಿನವರಿಗೆ ಉಸಿರಾಡಲೂ ಬಿಡುವಿಲ್ಲ. ಎರಡನೆಯ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಹಲವು ಕಚೇರಿಗಳಿಗೆ ರಜೆ. ಹೋಟೆಲುಗಳಲ್ಲಿ ಊಟ ಮುಗಿದು ಚಹಾದ ಗದ್ದಲ ಇನ್ನೂ ಆರಂಭವಾಗಿರುವುದಿಲ್ಲ. ನಮ್ಮ ಸಂಘಗಳು ಒಂದು ಕೊಠಡಿ ಕೊಡಲಿ, ಧಣಿಗಳು ಕೆಲಸಗಾರರನ್ನು ಆ ಒಂದು ಗಂಟೆ ಬಿಡಲಿ, ಬಲ್ಲ ಗುಮಾಸ್ತರು ನಾಲ್ಕಾರು ಮಂದಿ ಬಂದು ಕೂಡಲಿ. ತಂದೆಯರು ಊರಿನಲ್ಲಿರುವ ಮಕ್ಕಳ ಅಂಕಪಟ್ಟಿಯ ಪ್ರತಿಯನ್ನು ಕಿಸೆಯಲ್ಲಿಟ್ಟುಕೊಂಡು ಬರಲಿ.