ಎಂಬತ್ತು ಕೆ.ಜಿ.ಗೆ ನಿಂತ ಗಾಡಿ

ಜೋಗೇಶ್ವರಿಯ ನಮ್ಮ ಜಿಮ್ಮಿನಲ್ಲಿ ಕಳೆದ ವರ್ಷ ನನ್ನ ಸ್ಕ್ವಾಟ್ 80 ಕೆ.ಜಿ.ಗೆ ಬಂದು ನಿಂತುಬಿಟ್ಟಿತು. ಮೊದಲ ಆರು ತಿಂಗಳು ವಾರವಾರವೂ ಏರಿದ ತೂಕ, ಆಮೇಲೆ ನಾಲ್ಕು ತಿಂಗಳು ಜಪ್ಪಯ್ಯ ಅಂದರೂ ಮೇಲೆ ಹೋಗಲಿಲ್ಲ. ವಾರಕ್ಕೆ ಮೂರು ದಿನ ಇದ್ದ ಕಸರತ್ತನ್ನು ಐದು ದಿನ ಮಾಡಿದೆ. ಐದೂ ದಿನ 80ರ ಜೊತೆಗೇ ಗುದ್ದಾಡಿದೆ. ಸಿಕ್ಕಿದ್ದು ಸೊಂಟನೋವು. ಒಂದು ವಾರ ಶೂ ಲೇಸ್ ಕಟ್ಟಲು ಮಗಳನ್ನು ಕರೆಯಬೇಕಾಯಿತು.

ಮಲಗಿದ್ದಾಗ ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರ ಅಂಕಿಗಳನ್ನು ನೋಡಿದೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಬೆಳ್ಳಿ: ಸ್ನ್ಯಾಚ್ 111, ಕ್ಲೀನ್ ಅಂಡ್ ಜರ್ಕ್ 138. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ, 61 ಕೆ.ಜಿ. ವಿಭಾಗದಲ್ಲಿ ಕಂಚು: 118 ಮತ್ತು 151. ದೇಹತೂಕದ ವಿಭಾಗ ಬದಲಾದರೂ, ಎರಡು ಪದಕಗಳ ನಡುವೆ ಸ್ನ್ಯಾಚ್‌ನಲ್ಲಿ ಏರಿದ್ದು 7 ಕೆ.ಜಿ. ಅದಕ್ಕೆ ನಾಲ್ಕು ವರ್ಷ. ಅಂಥವರ ಗತಿಯೇ ಹೀಗಿರುವಾಗ, ಇಡೀ ದಿನ ಕುರ್ಚಿಯಲ್ಲಿ ಕೂರುವ ನನಗೆ ವಾರವಾರವೂ 2.5 ಕೆ.ಜಿ. ಬೇಕೆಂದರೆ ಹೇಗೆ?

ಶುರುವಿನಲ್ಲಿ ಬೇಗ ಏರುವುದಕ್ಕೆ ಕಾರಣವಿದೆ. ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಲು ನರಗಳು ಕಲಿಯುತ್ತವೆ. ಆ ಕಲಿಕೆ ಮುಗಿಯುತ್ತ ಬಂದಂತೆ ಸ್ನಾಯುವೇ ಬೆಳೆಯಬೇಕು. ಅದು ನಿಧಾನ. ಬೆಳೆಯುವುದು ಎತ್ತುವಾಗಲ್ಲ, ಉಂಡು ಮಲಗಿದಾಗ. ರಾತ್ರಿ ಹನ್ನೊಂದಕ್ಕೆ ಅಮೆರಿಕದ ಕಾಲ್, ಬೆಳಿಗ್ಗೆ ಆರಕ್ಕೆ ಜಿಮ್ – ಇದರಲ್ಲಿ ಬೆಳೆಯಲು ಹೊತ್ತೆಲ್ಲಿ?

ನೋವು ಪೂರ್ತಿ ಹೋದಮೇಲೆ ಲೆಕ್ಕ ಬದಲಿಸಿದೆ. ಸೋಮವಾರ ಭಾರದ ದಿನ: ಐದೈದು ಬಾರಿಯ ಮೂರು ಸೆಟ್, ನಡುವೆ ಮೂರು ನಿಮಿಷ ವಿಶ್ರಾಂತಿ. ಬುಧವಾರ ಸೋಮವಾರದ ತೂಕದ ಶೇ. 80ರಷ್ಟು, ಶುಕ್ರವಾರ ಶೇ. 90ರಷ್ಟು. ಸ್ಕ್ವಾಟ್ ಆದಮೇಲೆ ಬೆಂಚ್ ಪ್ರೆಸ್ ಒಂದು ದಿನ, ಡೆಡ್‌ಲಿಫ್ಟ್ ಇನ್ನೊಂದು ದಿನ. ಎರಡೂ ಒಟ್ಟಿಗೆ ಬೇಡ.

ಮುಖ್ಯವಾದದ್ದು, ಹಿಂದೆ ಬಂದು ಶುರುಮಾಡಿದ್ದು. 80ರ ಬದಲು 72.5. ಎರಡನೇ ವಾರ 75, ಮೂರನೇ ವಾರ 77.5. ನಾಲ್ಕನೆಯದು ಹಗುರ ವಾರ, ಬರೀ 60. ಐದನೇ ವಾರ ಮತ್ತೆ 77.5, ಆರನೇ ವಾರ 80. ಏಳನೇ ವಾರದ ಸೋಮವಾರ 82.5 ಎದ್ದಿತು, ಮೂರೂ ಸೆಟ್. ಆ ಹಗುರ ವಾರ ನನಗೆ ನಾಚಿಕೆಯಾಗಿತ್ತು. ಪಕ್ಕದ ಹುಡುಗರು ನೂರು ಎತ್ತುವಾಗ ಅರವತ್ತರಲ್ಲಿ ನಿಲ್ಲುವುದು ಸುಲಭವಲ್ಲ. ಆದರೆ ನನ್ನನ್ನು ಮುಂದಕ್ಕೆ ತಳ್ಳಿದ್ದು ಅದೇ.

ನಿಮ್ಮ ಗಾಡಿಯೂ ನಿಂತಿದ್ದರೆ, ಮೊದಲು ಒಂದು ನೋಟ್‌ಬುಕ್ ಇಡಿ: ತೂಕ, ಸೆಟ್, ಹಿಂದಿನ ರಾತ್ರಿಯ ನಿದ್ದೆ. ನನ್ನದರಲ್ಲಿ ಸೋತ ದಿನಗಳ ಹಿಂದೆಲ್ಲ ಐದು ತಾಸಿನ ನಿದ್ದೆಯೇ ಇತ್ತು. ಜಿಮ್ಮಿನಲ್ಲಿ 1.25 ಕೆ.ಜಿ.ಯ ಜೋಡಿ ಪ್ಲೇಟ್ ಇಲ್ಲದಿದ್ದರೆ ಕೊಂಡು ಬ್ಯಾಗಿನಲ್ಲಿಡಿ. ಸೊಂಟದ ನೋವು ಕಾಲಿಗಿಳಿದರೆ ತೂಕ ಬಿಟ್ಟು ವೈದ್ಯರ ಹತ್ತಿರ ಹೋಗಿ.

ನನ್ನ ಲೇಸ್ ಈಗ ನಾನೇ ಕಟ್ಟಿಕೊಳ್ಳುತ್ತೇನೆ. ಇಂದಿನ ತೂಕ 90. ಮುಂದಿನದು ಹಗುರ ವಾರ.